ಕಯಾಂಬಾದಲ್ಲಿ ಕುಚ್ಚಲಕ್ಕಿ

ಇಳಿದ ದಿನ

ಸೌದಿಯಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಮಾತು ಮುಗಿಸುವ ಮೊದಲೇ ಸೀನಿದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ನನ್ನ ತಮ್ಮ ವಿಲ್ಲಿಗೆಂದು ಶಿರ್ವದ ಮನೆಯಿಂದ ಕುಚ್ಚಲಕ್ಕಿ ತಂದಿದ್ದೆ. ಹಳೆಯ ದಿಂಬಿನ ಚೀಲಕ್ಕೆ ತುಂಬಿಸಿ, ಬಾಯಿ ಹೊಲಿದು, ಪೆಟ್ಟಿಗೆಯ ಅಡಿಯಲ್ಲಿಟ್ಟಿದ್ದೆ. ಬಾಫತ್ ಪುಡಿಯ ಪೊಟ್ಟಣವನ್ನು ಬೇರೆ ಇಟ್ಟರೆ ಒಡೆದು ಬಟ್ಟೆಗೆಲ್ಲ ಹತ್ತೀತು ಎಂದು ಅದನ್ನು ಅಕ್ಕಿಯ ಒಳಗೇ ಹುಗಿದಿದ್ದೆ. ಬಾಫತ್ ಅಂದರೆ ನಮ್ಮ ಕ್ರಿಸ್ತರ ಮನೆಗಳಲ್ಲಿ ಮೀನಿಗೂ ಕೋಳಿಗೂ ಬೀಳುವ ಕೆಂಪು ಮಸಾಲೆ. ಪೊಟ್ಟಣ ದಾರಿಯಲ್ಲೆಲ್ಲೋ ಒಡೆದಿತ್ತು. ಬಟ್ಟೆ ಉಳಿಯಿತು, ಅಕ್ಕಿ ಕೆಟ್ಟಿತು.

ಕಸ್ಟಮ್ಸಿನ ಅಧಿಕಾರಿ ಬಹಳ ಮರ್ಯಾದೆಯಿಂದ ಚೀಲವನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಆಮೇಲೆ ಮೂಗಿನ ಹತ್ತಿರ ತಂದರು.

"ಇದು ಏನು ಮೇಡಂ?"

"ರೈಸ್."

"ರೈಸ್ ಇಲ್ಲಿಯೂ ಇದೆಯಲ್ಲ."

"ಇದು ದಪ್ಪ ರೈಸ್" ಎಂದೆ. ನನ್ನ ಇಂಗ್ಲಿಷಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರಣೆ ಇರಲಿಲ್ಲ.

ಅವರು ಇನ್ನೇನೋ ಕೇಳಲು ಬಾಯಿ ತೆರೆದವರು ಸೀನಿದರು. ಪಕ್ಕದವರು ಏನಾಯಿತೆಂದು ನೋಡಲು ಬಂದು ಅವರೂ ಸೀನಿದರು. ಕಣ್ಣೊರೆಸಿಕೊಳ್ಳುತ್ತಾ "ಯಲ್ಲಾ, ಯಲ್ಲಾ" ಎಂದು ಕೈಬೀಸಿ ನನ್ನನ್ನು ಕಳಿಸಿಬಿಟ್ಟರು. ಹೊರಗೆ ಕಾಯುತ್ತಿದ್ದ ವಿಲ್ಲಿ, "ಇಷ್ಟು ಬೇಗ ಹೇಗೆ ಬಂದೆ ಅಕ್ಕ? ನಮಗೆಲ್ಲ ಗಂಟೆಗಟ್ಟಲೆ ಆಗ್ತದೆ" ಎಂದ. ನಾನು ಪೆಟ್ಟಿಗೆ ಅವನ ಕೈಗೆ ಕೊಟ್ಟೆ. ಅಕ್ಕಿ ಕೆಟ್ಟ ಸುದ್ದಿಯನ್ನು ರಸ್ತೆಯಲ್ಲಿ ನಿಂತು ಹೇಳುವುದು ಹೇಗೆ?

ರಾಸ್ ತನೂರಾ, ಮನೆಯ ಹಿಂದಿನ ಅಂಗಳ

ವಿಲ್ಲಿ ಮತ್ತು ಅವನ ಹೆಂಡತಿ ರೀನಾ ಇರುವುದು ರಾಸ್ ತನೂರಾದಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಎಣ್ಣೆಯ ಕಾರ್ಖಾನೆ. ಮೊದಲ ಬೆಳಿಗ್ಗೆ ಸಮುದ್ರ ತೋರಿಸಲು ಕರೆದುಕೊಂಡು ಹೋದರು. ನಮ್ಮ ಕಾಪುವಿನ ಸಮುದ್ರ ಯಾವಾಗಲೂ ಯಾರನ್ನೋ ಬೈಯುತ್ತಿರುವಂತೆ ಇರುತ್ತದೆ. ಇದು ತಟ್ಟೆಯಲ್ಲಿ ಇಟ್ಟ ನೀರಿನ ಹಾಗೆ ಸುಮ್ಮನಿತ್ತು. "ಇದಕ್ಕೆ ಹುಷಾರಿಲ್ಲವಾ?" ಎಂದು ಕೇಳಿದೆ. ವಿಲ್ಲಿಗೆ ಸ್ವಲ್ಪ ಬೇಸರವಾಯಿತು. ಇಷ್ಟು ವರ್ಷದಲ್ಲಿ ಅದು ಅವನದೇ ಸಮುದ್ರವಾಗಿಬಿಟ್ಟಿದೆ.

ಅವನು ಕೆಲಸಕ್ಕೆ ಹೋದ ಮೇಲೆ ಅಕ್ಕಿಯ ಚೀಲ ಬಿಚ್ಚಿದೆ. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಓದುವವರಿಗೆ ಸುಲಭವಾಗಲೆಂದು ಕನ್ನಡದಲ್ಲೇ ಬರೆಯುತ್ತೇನೆ.

"ಬಿಸಾಡಿ ಅಕ್ಕ" ಎಂದಳು ರೀನಾ. "ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಗ್ತದೆ."

"ಕುಚ್ಚಲಕ್ಕಿ ಇಲ್ಲಿ ಸಿಗ್ತದೆ ಅಂತ ಮೊದಲೇ ಹೇಳಬಾರದಿತ್ತಾ?"

"ನೀವು ಪ್ರೀತಿಯಿಂದ ತರ್ತೀರಿ ಅಂತ ಇವರು ಹೇಳ್ಲಿಕ್ಕೆ ಬಿಡ್ಲಿಲ್ಲ."

ಅಕ್ಕಿ ಬಿಸಾಡುವ ಕೈ ನನ್ನದಲ್ಲ. ಕೇರಿದರೆ ಪುಡಿ ಹಾರಿಹೋಗುತ್ತದೆ. ಗೆರಸೆ ಉಂಟಾ ಎಂದು ಕೇಳಿದರೆ, ಅದು ಎಂತಕ್ಕೆ ಎಂದಳು. ಹಿಂದಿನ ಬಾಗಿಲು ತೆರೆದು ನೋಡಿದೆ. ನಮಗೂ ಪಕ್ಕದ ಮನೆಗೂ ಸೇರಿ ಒಂದೇ ಸಿಮೆಂಟಿನ ಅಂಗಳ. ಆ ಕಡೆಯ ಗೋಡೆಗೆ ಒರಗಿಸಿ ಬಿಸಿಲಿಗೆ ಇಟ್ಟಿದ್ದ ಗೆರಸೆಯೊಂದು ಕಂಡಿತು. ಸಣ್ಣ ಜೊಂಡಿನ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ನಾರಿನಿಂದ ಹೊಲಿದ ಚೌಕದ ಗೆರಸೆ. ಅಂಚು ಎತ್ತರ ಇರಲಿಲ್ಲ. ಪರದೇಶದ ಗೆರಸೆ ಹೀಗೇ ಇರಬೇಕು ಎಂದುಕೊಂಡೆ. ಎತ್ತಿದರೆ ಒಳಗೆ ಜಲಜಲ ಎಂದಿತು. ಪಾಪ, ಕಡ್ಡಿಯ ಸಂದಿಗೆ ಕಾಳು ಹೋಗಿ ಸಿಕ್ಕಿಕೊಂಡಿದೆ, ಯಾರೂ ಜಾಡಿಸಿಲ್ಲ ಎಂದು ಮೊದಲು ಅದನ್ನೇ ಚೆನ್ನಾಗಿ ಗೋಡೆಗೆ ಬಡಿದು ಜಾಡಿಸಿದೆ. ಒಂದು ಕಾಳೂ ಬೀಳಲಿಲ್ಲ.

ಸರಿ ಎಂದು ಅಕ್ಕಿ ಸುರಿದುಕೊಂಡು ಕೇರತೊಡಗಿದೆ. ಹಾರಿಸುವುದು, ಹಿಡಿಯುವುದು, ಊದುವುದು. ಕೆಂಪು ಪುಡಿ ಮೋಡದ ಹಾಗೆ ಎದ್ದು ಒಣಗಲು ಹಾಕಿದ್ದ ವಿಲ್ಲಿಯ ಬಿಳಿ ಅಂಗಿಗಳ ಮೇಲೆ ಕೂತಿತು. ನನ್ನ ಮನಸ್ಸು ಇದ್ದದ್ದು ಸದ್ದಿನ ಮೇಲೆ. ಅಕ್ಕಿ ಮೇಲೆ ಹೋದಾಗಲೂ ಗೆರಸೆ ಜಲಜಲ ಅನ್ನುತ್ತದೆ, ಕೆಳಗೆ ಬಂದಾಗಲೂ ಅನ್ನುತ್ತದೆ. ಬರಿ ಗೆರಸೆಗೆ ಇಷ್ಟು ಮಾತು ಎಲ್ಲಿಂದ?

ತಲೆ ಎತ್ತಿದರೆ ಪಕ್ಕದ ಮನೆಯ ಬಾಗಿಲಲ್ಲಿ ಎತ್ತರದ ಕಪ್ಪು ಹೆಂಗಸೊಬ್ಬಳು ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು. ಲೋಟ ಬಾಯಿಗೂ ಹೋಗುತ್ತಿಲ್ಲ, ಕೆಳಗೂ ಇಳಿಯುತ್ತಿಲ್ಲ. ನಮ್ಮ ಬಾಗಿಲಲ್ಲಿ ರೀನಾ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು.

"ಅಕ್ಕ, ಅದು ಗೆರಸೆ ಅಲ್ಲ" ಎಂದಳು ಮೆಲ್ಲಗೆ. "ಅದು ವಾದ್ಯ."

ಕಾಜೋಳ ಮನೆ

ಆ ಹೆಂಗಸಿನ ಹೆಸರು ಕಾಜೋ. ಹುಟ್ಟಿದ್ದು ಕೆನ್ಯಾದ ಕರಾವಳಿಯ ಹಳ್ಳಿಯಲ್ಲಿ, ಬೆಳೆದದ್ದು ಲಂಡನ್ನಿನಲ್ಲಿ, ಕೆಲಸ ಇಲ್ಲಿ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ನನ್ನ ಅರ್ಧ ಇಂಗ್ಲಿಷಿಗೆ ರೀನಾ ಉಳಿದರ್ಧ ಸೇರಿಸಿ ಕ್ಷಮೆ ಕೇಳಿದೆವು. ಕಾಜೋ ಒಳಗೆ ಕರೆದು ಕೂರಿಸಿ ಚಹಾ ಕೊಟ್ಟಳು. ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಒಂದು ಹಲ್ಲುಜ್ಜುವ ಬ್ರಶ್ಶಿನಿಂದ ಬಾಫತ್ ಪುಡಿ ತೆಗೆಯತೊಡಗಿದಳು. ನಡುನಡುವೆ ಸೀನುತ್ತಿದ್ದಳು.

ಅದರ ಹೆಸರು ಕಯಾಂಬಾ. ಅವಳ ಅಜ್ಜಿಯದು. ಎರಡು ಪದರ ಕಡ್ಡಿ, ನಡುವೆ ಕೆಂಪು ಕಪ್ಪು ಬೀಜ. ಬೀಜದ ಫೋಟೊ ತೋರಿಸಿದಳು. ನೋಡಿದರೆ ನಮ್ಮ ಗುಲಗಂಜಿ. ಚಿನ್ನ ತೂಗಲು ನಮ್ಮವರು ಇಟ್ಟುಕೊಂಡದ್ದನ್ನು ಇವರು ಹಾಡಿನೊಳಗೆ ಹೊಲಿದಿದ್ದಾರೆ. ನಮ್ಮ ಉಪಯೋಗದಲ್ಲಿ ಸದ್ದೇ ಬರುವುದಿಲ್ಲವಲ್ಲ, ಅದೊಂದು ನಷ್ಟ ಅನಿಸಿತು.

ಕಾಜೋ ಊರಿನ ಹಾಡುಗಳನ್ನು ಕಂಪ್ಯೂಟರಿನ ತಾಳಕ್ಕೆ ಕೂರಿಸಿ ಹೊಸ ಹಾಡು ಮಾಡುತ್ತಾಳೆ. ಒಂದು ಹಾಕಿ ಕೇಳಿಸಿದಳು. ಮೊದಲು ಟ್ರಾಕ್ಟರು ಹೊಲಕ್ಕೆ ಇಳಿದ ಹಾಗೆ ಗುಡುಗುಡು. ಅದರ ಮೇಲೆ ಅವಳ ಧ್ವನಿ, ತೆಳ್ಳಗೆ, ದಾರಿ ಗೊತ್ತಿದ್ದವಳ ಹಾಗೆ ನಡೆದು ಬಂತು. ಅರ್ಥ ಕೇಳಿದೆ.

"ಸೊಸೆ ನೀರು ತರಲು ಹೋದಳು, ಇನ್ನೂ ಬಂದಿಲ್ಲ."

"ಮುಂದೆ?"

"ಅಷ್ಟೇ. ಅತ್ತೆ ಅದನ್ನೇ ಹೇಳ್ತಾ ಇರ್ತಾಳೆ."

ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಮದುವೆಯ ಮುನ್ನಾದಿನ ರೋಸ್ ಎಂದು ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವಾಗ ಹಾಡುವ ವೋವಿಯೊ ಪದಗಳೂ ಹೀಗೇ. ತೆಂಗಿನಕಾಯಿ ತಂದರು, ಒಡೆದರು, ಹೆರೆದರು. ಹಾಲು ಹಿಂಡುವಷ್ಟರಲ್ಲಿ ಹಾಡುವವರ ಗಂಟಲು ಹೋಗಿರುತ್ತದೆ.

ಆಮೇಲೆ ಅವಳ ಕಷ್ಟ ಗೊತ್ತಾಯಿತು. ಬರುವ ಗುರುವಾರ ದಮ್ಮಾಮ್‌ನಲ್ಲಿ ಹಾಡುಗಾರರ ಆಯ್ಕೆ ಇತ್ತು. ರಿಯಾದ್‌ನಿಂದ ಒಬ್ಬರು ಹಿರಿಯರು ಬಂದು ಕೇಳಿ, ಅಲ್ಲಿಯ ಸಂಗೀತ ಉತ್ಸವಕ್ಕೆ ಒಬ್ಬರನ್ನು ಆರಿಸುವವರಿದ್ದರು. ಇದುವರೆಗೆ ಕಾಜೋ ಹಾಡಿದ್ದೆಲ್ಲ ತನ್ನ ಮಲಗುವ ಕೋಣೆಯಲ್ಲಿ. ವೇದಿಕೆ ಅಂತ ಸಿಗುವುದಿದ್ದರೆ ಇದೇ ಮೊದಲು. ಆದರೆ ಒಂದು ವಾದ್ಯವಾದರೂ ಅಲ್ಲೇ ಎದುರಿಗೆ ಕೈಯಿಂದ ನುಡಿಸಬೇಕೆಂಬ ನಿಯಮ. ಕಾಜೋಳ ಎರಡೂ ಕೈ ಕಂಪ್ಯೂಟರಿನ ಗುಂಡಿಗಳ ಮೇಲೆ. ಕಯಾಂಬಾ ನುಡಿಸುತ್ತಿದ್ದ ಗೆಳತಿ ಮದೀನಾದ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿ ಹಿಂದಿನ ವಾರವಷ್ಟೇ ಹೊರಟುಹೋಗಿದ್ದಳು.

"ರೀನಾಳನ್ನು ಕೇಳಿ ನೋಡಿದೆ" ಎಂದಳು ಕಾಜೋ. "ರೀನಾ ಅದನ್ನು ಹಿಡಿಯುವುದು ಪರೀಕ್ಷೆಯ ಫಲಿತಾಂಶ ಹಿಡಿದ ಹಾಗೆ."

"ನನಗೆ ಜನರ ಎದುರು ಕೈ ನಡುಗ್ತದೆ" ಎಂದಳು ರೀನಾ.

"ನಡುಗಿದರೆ ಒಳ್ಳೆಯದೇ ಅಲ್ಲವಾ, ಈ ವಾದ್ಯಕ್ಕೆ?" ಎಂದೆ.

ಕಾಜೋ ನನ್ನ ಕೈಗಳನ್ನೇ ನೋಡುತ್ತಿದ್ದಳು. ಹಾಲು ಕುಡಿಸಿದ್ದು ಮಗುವಿಗೆ ಸರಿಹೋಗಿದೆಯೇ ಎಂದು ನರ್ಸುಗಳು ನೋಡುವ ನೋಟ. "ಅಂಗಳದಲ್ಲಿ ನೀವು ಮಾಡುತ್ತಿದ್ದದ್ದನ್ನು ಇನ್ನೊಮ್ಮೆ ಮಾಡಿ ಅಕ್ಕ. ಅಕ್ಕಿ ಇಲ್ಲದೆ."

ಅವಳು ನನ್ನನ್ನು ಅಕ್ಕ ಎಂದದ್ದು ರೀನಾ ಹಾಗೆ ಕರೆಯುವುದನ್ನು ಕೇಳಿ. ಅದು ನನ್ನ ಹೆಸರೆಂದೇ ಅವಳು ತಿಳಿದಿದ್ದಳೆಂದು ಆಮೇಲೆ ಗೊತ್ತಾಯಿತು.

ತಾಲೀಮು, ನಡುವೆ ಬಕಾಲಾ

ನಾಲ್ಕು ದಿನ ಅಭ್ಯಾಸ. ಕೇರುವುದಕ್ಕೂ ಕಯಾಂಬಾಕ್ಕೂ ಇರುವ ವ್ಯತ್ಯಾಸ ಇಷ್ಟೆ: ಗೆರಸೆ ಮೇಲೆ ಕೆಳಗೆ ಹೋಗುತ್ತದೆ, ಕಯಾಂಬಾ ಎಡಕ್ಕೆ ಬಲಕ್ಕೆ ವಾಲುತ್ತದೆ, ಹೆಬ್ಬೆರಳು ನಡುನಡುವೆ ತಟ್ಟುತ್ತದೆ. ಮೊದಲ ದಿನ ನಾನು ಮೇಲಕ್ಕೆ ಹಾರಿಸಿ ಹಿಡಿದೆ. ಕಾಜೋಳ ಉಸಿರು ನಿಂತದ್ದು ನನಗೂ ಕೇಳಿಸಿತು. ಎರಡನೆಯ ದಿನ ಮಣಿಕಟ್ಟು ತಾನಾಗಿ ವಾಲತೊಡಗಿತು. ಮೂರನೆಯ ದಿನ ಕಾಜೋ ಕಣ್ಣು ಮುಚ್ಚಿ ಹಾಡಿದಳು. ಹಾಡುವವರು ನಂಬಿಕೆ ಬಂದರೆ ಮಾತ್ರ ಕಣ್ಣು ಮುಚ್ಚುತ್ತಾರೆ. ಅವಳ ಕೋಣೆಯ ಎಸಿ ಹಳೆಯದು, ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಆ ಸದ್ದಿನಲ್ಲಿ ಏನೇನು ಅಡಗಿಕೊಂಡಿತ್ತೆಂಬುದು ನಮಗಿಬ್ಬರಿಗೂ ತಿಳಿಯಲಿಲ್ಲ.

ವಿಲ್ಲಿಗೆ ಇದೆಲ್ಲ ಸರಿಬರಲಿಲ್ಲ. "ವಿಸಿಟ್ ವೀಸಾದಲ್ಲಿ ಬಂದವಳು ನೀನು. ಕಡಲು ನೋಡು, ಮಾಲ್ ನೋಡು. ಗೆರಸೆ ಅಲ್ಲಾಡಿಸ್ಲಿಕ್ಕೆ ಇಷ್ಟು ದೂರ ಬಂದದ್ದಾ?"

"ನಿನ್ನ ಸಮುದ್ರ ಆವತ್ತೇ ನೋಡಿ ಆಯ್ತಲ್ಲ ಮಾರಾಯ."

ಬೀದಿಯ ಕೊನೆಯಲ್ಲಿ ಹಮೀದರ ಬಕಾಲಾ, ಅಂದರೆ ದಿನಸಿ ಅಂಗಡಿ. ಉಳ್ಳಾಲದ ಬ್ಯಾರಿ, ಮಾತಿಗೆ ಕನ್ನಡ ಸಿಕ್ಕಿದರೆ ತೂಕ ಮರೆಯುವ ಮನುಷ್ಯ. ಮೊಸರು ತರಲು ಹೋದರೆ ಆಗಲೇ ಸುದ್ದಿ ತಲುಪಿತ್ತು.

"ನೀವು ಆಫ್ರಿಕಾದ ಬ್ಯಾಂಡಿಗೆ ಸೇರಿದ್ದು ಹೌದಾ ಅಕ್ಕ?"

"ಅಕ್ಕಿ ಕೇರ್ಲಿಕ್ಕೆ ಹೋದದ್ದು ಹಮೀದ್, ಅಲ್ಲಿಂದ ಹೀಗಾಯ್ತು."

"ನನ್ನನ್ನೂ ಸೇರಿಸಿ ಮಾರಾಯ್ರೆ. ನಾನು ಬೇಳೆ ಜರಡಿ ಹಿಡೀತೇನೆ."

ಕೊನೆಗೆ ಗುರುವಾರ ನಮ್ಮನ್ನು ತಮ್ಮ ವ್ಯಾನಿನಲ್ಲಿ ಕರೆದೊಯ್ಯುವುದಾಗಿ ಒಪ್ಪಿಕೊಂಡರು. ವ್ಯಾನಿನಲ್ಲಿ ಈರುಳ್ಳಿಯ ವಾಸನೆ ಇರುತ್ತದೆ, ಬೇಸರ ಮಾಡಬಾರದು ಎಂದರು. ಬಾಫತ್ ಆದ ಮೇಲೆ ಈರುಳ್ಳಿ ನಮಗೆ ಯಾವ ಲೆಕ್ಕ?

ದಮ್ಮಾಮ್, ಮೊದಲ ಸಲ

ಕಾಜೋ ತಾನು ಉಟ್ಟಂಥದ್ದೇ ದೊಡ್ಡ ಹೂವಿನ ಲೇಸೋ ಬಟ್ಟೆಯನ್ನು ನನ್ನ ಸೀರೆಯ ಮೇಲೆ ಸುತ್ತಿ, ತಲೆಗೂ ಒಂದು ಕಟ್ಟಿದಳು. ಕನ್ನಡಿಯಲ್ಲಿ ನೋಡಿಕೊಂಡರೆ ನಾನು ಯಾರೋ ಗೊತ್ತಾಗಲಿಲ್ಲ, ಆದರೆ ಹೆಂಗಸು ಗಟ್ಟಿಗಳು ಅನಿಸಿತು.

ಸಣ್ಣ ಸಭಾಂಗಣ. ಕಾಯುವ ಕೋಣೆಯಲ್ಲಿ ಒಬ್ಬರು ಹಿತ್ತಾಳೆಯ ಕೂಜಾ ಹಿಡಿದು ಗಹ್ವಾ ಹಂಚುತ್ತಿದ್ದರು. ಏಲಕ್ಕಿ ಹಾಕಿದ ತೆಳು ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ. ಬಟ್ಟಲು ಖಾಲಿಯಾದರೆ ತುಂಬಿಸುತ್ತಾರೆ. ಕೊಟ್ಟದ್ದನ್ನು ಉಳಿಸಬಾರದೆಂದು ನಾನು ಕುಡಿಯುತ್ತೇನೆ, ಖಾಲಿ ಮಾಡಿದ್ದಾಳೆಂದು ಅವರು ತುಂಬಿಸುತ್ತಾರೆ. ಇಬ್ಬರೂ ಮರ್ಯಾದಸ್ಥರಾದ್ದರಿಂದ ಇದು ನಿಲ್ಲುವ ದಾರಿ ಇರಲಿಲ್ಲ.

ಹಮೀದ್ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು. "ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಿ ಅಕ್ಕ. ಸಾಕು ಅಂತ ಅರ್ಥ."

"ನಾಲ್ಕು ದಿನದಿಂದ ಅಲ್ಲಾಡಿಸುವುದೇ ಕೆಲಸ. ಇಲ್ಲಿ ಅಲ್ಲಾಡಿಸಬೇಕು ಅಂತ ಯಾರಾದರೂ ಹೇಳಬೇಕಲ್ಲ."

ನಮ್ಮ ಸರದಿ ಬಂತು. ಎದುರಿಗೆ ಬಿಳಿ ಗಡ್ಡದ ಹಿರಿಯರು, ಪಕ್ಕದಲ್ಲಿ ಧ್ವನಿ ನೋಡಿಕೊಳ್ಳುವ ಫಿಲಿಪೈನಿನವನು. ಅವನು ನನ್ನ ಮುಂದೆ ಒಂದು ಮೈಕು ಇಟ್ಟು ಕಯಾಂಬಾದ ಎತ್ತರಕ್ಕೆ ತಗ್ಗಿಸಿದ. ಅದು ನನ್ನ ಗಲ್ಲದಿಂದ ಒಂದು ಗೇಣು ಕೆಳಗಿತ್ತು.

ಕಾಜೋ ಶುರು ಮಾಡಿದಳು. ಗುಡುಗುಡು, ಅದರ ಮೇಲೆ ಸೊಸೆ ನೀರಿಗೆ ಹೋದಳು. ನಾನು ವಾಲಿಸಿದೆ. ಜಲ್, ಜಲ್, ಜಲ್. ಅದರ ಬೆನ್ನಿಗೇ ಸಭಾಂಗಣದ ಮೂಲೆಮೂಲೆಯಿಂದ ಒಂದು ದೊಡ್ಡ "ಫೂ" ಬಂತು.

ಹಿರಿಯರು ಮೇಲೆ ಎಸಿಯ ಕಡೆ ನೋಡಿದರು. ಜಲ್, ಜಲ್, ಜಲ್, ಫೂ. ಧ್ವನಿಯವನು ಮೈಕಿನ ತಂತಿ ಎಳೆದು ನೋಡಿದ. ಫೂ. ಮೈಕನ್ನೇ ಬದಲಾಯಿಸಿದ. ಹೊಸ ಮೈಕು ಒಳ್ಳೆಯದಿದ್ದಿರಬೇಕು, ಫೂ ಇನ್ನೂ ಸ್ಪಷ್ಟವಾಯಿತು. ಯಾರೋ ಬಾಗಿಲು ಸರಿಯಾಗಿ ಮುಚ್ಚಿ ಬಂದರು. ನಾನೂ ಎಲ್ಲಿಂದ ಗಾಳಿ ಬರುತ್ತಿದೆ ಎಂದು ಹಿಂದೆ ತಿರುಗಿ ನೋಡಿದೆ. ಮೊದಲ ಸಾಲಿನಲ್ಲಿ ಕೂತಿದ್ದ ರೀನಾ ತನ್ನ ಬಾಯಿಯ ಮೇಲೆ ಬೆರಳಿಟ್ಟು ನನಗೆ ತೋರಿಸುತ್ತಿದ್ದಳು. ಆಗ ತಿಳಿಯಿತು. ಊದುತ್ತಿದ್ದವಳು ನಾನೇ.

ಕೇರುವಾಗ ಹೊಟ್ಟು ಮುಂದಕ್ಕೆ ಬಂದ ಹಾಗೆ ಊದಬೇಕು. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಕೈ ಅಲ್ಲಾಡಿದರೆ ಬಾಯಿ ತಾನೇ ಊದುತ್ತದೆ. ತಿಳಿದ ಮೇಲೆ ನಿಲ್ಲಿಸಲು ಹೋದೆ. ಊದು ನಿಂತಿತು, ಅದರ ಜೊತೆಗೆ ಕೈಯೂ ನಿಂತಿತು. ಕೈ ಹೊರಟರೆ ಊದೂ ಹೊರಟಿತು. ಹಾಡು ಮುಗಿಯುವವರೆಗೆ ಊದಿಯೇ ಊದಿದೆ.

ಹಿರಿಯರು ನಿಧಾನವಾಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಹಾಡು ಚೆನ್ನಾಗಿದೆ, ಧ್ವನಿ ಚೆನ್ನಾಗಿದೆ. ಆ ಗಾಳಿ ಬೇಡ. ಬೇಕಿದ್ದರೆ ನಿಯಮ ಪಕ್ಕಕ್ಕಿಡೋಣ; ಕಯಾಂಬಾದ ಸದ್ದನ್ನೂ ಕಂಪ್ಯೂಟರಿಗೇ ಹಾಕಿಬಿಡಿ, ಒಬ್ಬರೇ ಹಾಡಿ, ರಿಯಾದ್‌ಗೆ ಬನ್ನಿ.

ಅಷ್ಟು ಸುಲಭ. ಹೂಂ ಅಂದರೆ ಆಗಿಹೋಯಿತು. ನಾನು ಕಯಾಂಬಾವನ್ನು ಆಗಲೇ ಕೆಳಗಿಡುತ್ತಿದ್ದೆ.

"ಗಾಳಿ ತೆಗೆಯುತ್ತೇನೆ" ಎಂದಳು ಕಾಜೋ. "ಕಯಾಂಬಾ ತೆಗೆಯುವುದಿಲ್ಲ. ಹಾಡು ಹುಟ್ಟಿದ್ದೇ ಅದರಿಂದ. ಇನ್ನೊಂದು ಸಲ ಕೇಳಿ."

ಹಿರಿಯರು ಗಡ್ಡ ಸವರಿದರು. ಮುಂದಿನವರದು ಮುಗಿದ ಮೇಲೆ ಒಂದೇ ಒಂದು ಸಲ ಎಂದರು.

ದಮ್ಮಾಮ್, ಎರಡನೆಯ ಸಲ

ಕಾಯುವ ಕೋಣೆಯಲ್ಲಿ ಎಲ್ಲರೂ ನನ್ನ ಬಾಯಿಯ ಸುತ್ತ ನಿಂತರು. ಕೆಲಸ ಮುಗಿಸಿ ನೇರ ಅಲ್ಲಿಗೇ ಬಂದಿದ್ದ ವಿಲ್ಲಿ, ಉಸಿರು ಕಟ್ಟಿ ಹಿಡಿ ಎಂದ. ಹಿಡಿದೆ; ಹಾಡಿನ ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಕರವಸ್ತ್ರ ಕಟ್ಟೋಣ ಎಂದಳು ರೀನಾ. ಕಟ್ಟಿ ನೋಡಿದರೆ ಪ್ರತಿ ಫೂಗೂ ಬಟ್ಟೆ ಪಟಪಟ ಹಾರಿತು. ಕಾಜೋ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತು ನೆಲ ನೋಡುತ್ತಿದ್ದಳು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ನಾನು ಬೇಡ ಅಂತ ಹೇಳಿಬಿಡು ಕಾಜೋ" ಎಂದೆ. "ನಿನಗೆ ವೇದಿಕೆ ಸಿಗ್ತದೆ. ಊರಲ್ಲಿ ನಿನ್ನ ಅಜ್ಜಿಗೂ ಸಂತೋಷ ಆಗ್ತದೆ."

"ಅಜ್ಜಿ ಕೇಳುವುದು ಒಂದೇ ಪ್ರಶ್ನೆ. ಕಯಾಂಬಾ ಎಲ್ಲಿತ್ತು ಅಂತ." ಅವಳು ತಲೆ ಎತ್ತಿದಳು. "ನಿಮಗೆ ಊದದೆ ಇರ್ಲಿಕ್ಕೆ ಆಗುವುದೇ ಇಲ್ಲವಾ ಅಕ್ಕ?"

"ಬಾಯಿ ಖಾಲಿ ಇದ್ದರೆ ಆಗುವುದಿಲ್ಲ" ಎಂದೆ.

ಅದನ್ನು ಕೇಳಿದ್ದೇ ತಡ, ಹಮೀದ್ ಮೇಜಿನ ಮೇಲೆ ಗಹ್ವಾ ಜೊತೆಗೆ ಇಟ್ಟಿದ್ದ ಖರ್ಜೂರದ ತಟ್ಟೆ ಎತ್ತಿಕೊಂಡು ಬಂದರು. ಉನೈಜಾ ಎಂಬ ಊರಿನ ಮಾಲು, ನಮ್ಮ ಹೆಬ್ಬೆರಳಿಗಿಂತ ದೊಡ್ಡದು, ಬೆಲ್ಲದ ಬಣ್ಣ. "ಬಾಯಿ ಖಾಲಿ ಇಡ್ಬೇಡಿ ಹಾಗಾದ್ರೆ. ಈ ಕೆನ್ನೆಗೊಂದು, ಆ ಕೆನ್ನೆಗೊಂದು. ಅಗಿಯುವುದು ಮಾತ್ರ ಬೇಡ ಮಾರಾಯ್ರೆ, ಅಗಿದ್ರೆ ಮುಗೀತು."

ಒಂದೊಂದು ಹಾಕಿಕೊಂಡು ಕೈ ವಾಲಿಸಿ ನೋಡಿದೆ. ಸಣ್ಣಗೆ ಸೋರಿತು. ಇನ್ನೆರಡು ತುರುಕಿದರು. ಕಾಜೋ ನನ್ನ ತುಟಿಯ ಹತ್ತಿರ ಅಂಗೈ ಹಿಡಿದು ಗಾಳಿ ಬರುತ್ತದೆಯೇ ಎಂದು ಪರೀಕ್ಷಿಸಿದಳು, ಆಸ್ಪತ್ರೆಯಲ್ಲಿ ಮಾಡುವ ಹಾಗೆಯೇ. ಬರಲಿಲ್ಲ. ಅವಳು ನಗಲು ಶುರು ಮಾಡಿದಳು, ನಗು ನಿಲ್ಲುವ ಮೊದಲೇ ನಮ್ಮನ್ನು ಕರೆದರು.

ಈ ಸಲ ಅವಳು ಹಾಡಿನ ಮೊದಲ ಸಾಲಿಗೇ ಕಣ್ಣು ಮುಚ್ಚಿದಳು. ನಾನು ಮುಚ್ಚಲಿಲ್ಲ. ಬಾಯಿಯ ತುಂಬ ಸಕ್ಕರೆ ಕರಗುತ್ತಿತ್ತು, ನುಂಗುವ ಹಾಗಿಲ್ಲ, ಅಗಿಯುವ ಹಾಗಿಲ್ಲ. ಮುಖದಲ್ಲಿ ಏನು ಭಾವ ಇತ್ತೋ ದೇವರಿಗೇ ಗೊತ್ತು. ಜಲ್, ಜಲ್, ಜಲ್. ಅದರ ನಂತರ ಏನೂ ಇಲ್ಲ, ಬರಿಯ ಒಂದು ಸಣ್ಣ ಖಾಲಿ ಜಾಗ. ಆ ಜಾಗದಲ್ಲಿ ಕಾಜೋಳ ಧ್ವನಿ ಬಂದು ಕೂತಿತು. ಸೊಸೆ ನೀರಿಗೆ ಹೋದಳು. ಇನ್ನೂ ಬಂದಿಲ್ಲ. ಆ ಅತ್ತೆಗೆ ಸಿಟ್ಟಲ್ಲ, ಭಯ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹಾಡು ನಿಂತ ಮೇಲೆ ಹಿರಿಯರು ಎದ್ದು ನಿಂತರು. ಆಮೇಲೆ ಕಾಜೋಳಿಗೆ, "ರಿಯಾದ್‌ನಲ್ಲಿ ನೋಡೋಣ. ಕಯಾಂಬಾ ತನ್ನಿ" ಎಂದರು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ವಿಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಹಿರಿಯರು ನನ್ನ ಕಡೆಗೂ ಬಂದರು. ಎಷ್ಟು ಕಾಲದಿಂದ ನುಡಿಸುತ್ತಿದ್ದೀರಿ ಎಂದು ಗೌರವದಿಂದ ಕೇಳಿದರು. ಬಾಯಿ ತೆರೆಯುವ ಹಾಗಿರಲಿಲ್ಲ. ನಾಲ್ಕು ದಿನ ಎಂದು ನಾಲ್ಕು ಬೆರಳು ತೋರಿಸಿದೆ.

"ನಲವತ್ತು ವರ್ಷ" ಎಂದರು ಅವರು, ಎದೆಯ ಮೇಲೆ ಕೈಯಿಟ್ಟು.

ಅಲ್ಲ ಎನ್ನಲು ಹೊರಟವಳು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಮ್ಮ ನನ್ನ ಕೈಗೆ ಗೆರಸೆ ಕೊಟ್ಟು ಅಷ್ಟೇ ಆಗಿರಬೇಕು, ಬೇಕಾದರೆ ಒಂದೆರಡು ಹೆಚ್ಚು. ಹೌದೆಂದು ತಲೆಯಾಡಿಸಿದೆ.

ಹೊರಡುವಾಗ ಅವರು ಬಾಗಿಲ ಹತ್ತಿರ ನಿಂತಿದ್ದ ಹಮೀದರಿಗೆ ಅರಬಿಯಲ್ಲಿ ಏನೋ ಹೇಳಿ ಹೋದರು. ಹಮೀದರ ಮುಖ ಕೆಂಪಾಗಿತ್ತು, ನಗು ತಡೆದು.

ನಾನು ಮೂಲೆಗೆ ಹೋಗಿ ಖರ್ಜೂರದಿಂದ ಬಿಡುಗಡೆ ಪಡೆದು ಬಂದು ಕೇಳಿದೆ. "ಎಂತ ಹೇಳಿದರು?"

"ಪಾಪ, ಆ ಅಜ್ಜಿಗೆ ಎರಡೂ ಕಡೆ ಹಲ್ಲುನೋವು. ಮುಖ ಅಷ್ಟು ಊದಿಕೊಂಡಿದ್ದರೂ ಹಾಡು ಬಿಡ್ಲಿಲ್ಲ, ಕಲಾವಿದೆ ಅಂದ್ರೆ ಅವರು ಅಂತ ಹೇಳಿದ್ರು."

ಕಾಜೋ ನನ್ನನ್ನು ಅಪ್ಪಿಕೊಂಡಳು. ರೀನಾ ಅಳುತ್ತಿದ್ದಳು. ಎಲ್ಲರಿಗೂ ಸಂತೋಷವೇ. ನನಗೂ ಸಂತೋಷವೇ, ಕಲಾವಿದೆ ಅಂದದ್ದು ಸಣ್ಣ ಮಾತಲ್ಲ. ಆದರೆ ವ್ಯಾನಿನಲ್ಲಿ ಈರುಳ್ಳಿಯ ನಡುವೆ ಕೂತು ರಾಸ್ ತನೂರಾ ತಲುಪುವವರೆಗೂ ನನ್ನ ಮನಸ್ಸು ಒಂದೇ ಕಡೆ ಇತ್ತು. ನನಗೆ ಇನ್ನೂ ಐವತ್ತೆರಡು. ಅಜ್ಜಿ ಅನ್ನುವಂಥದ್ದು ಅವರು ಏನು ಕಂಡರು?